ಐಸ್ ಟ್ರೇಯಲ್ಲಿ ಗಂಜಿ

ಬೇಲಾಪುರದ ಈ ಮನೆಗೆ ಬರುವ ಮೊದಲು ನಾವು ಖಾರಘರದಲ್ಲಿದ್ದೆವು. ತನ್ವಿಗೆ ಆ ಮನೆ ಸ್ವಲ್ಪ ನೆನಪಿರಬೇಕು. ಅಥರ್ವ, ನೀನು ಅಲ್ಲಿ ಹುಟ್ಟಿ, ಅಲ್ಲಿಯೇ ನಡೆಯಲು ಕಲಿತು, ಮಾತು ಬರುವಷ್ಟರಲ್ಲಿ ಇಲ್ಲಿಗೆ ಬಂದವನು. ನಿನಗೆ ಏನೂ ನೆನಪಿರಲು ಸಾಧ್ಯವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಕೇಳಿದರೆ ನಿಮ್ಮಿಬ್ಬರಿಗೂ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತೀರಿ. ಓದಲು ಇಬ್ಬರಿಗೂ ಬರುವುದಿಲ್ಲ. ಅಪ್ಪನ ಹತ್ತಿರ ಓದಿಸಿಕೊಳ್ಳಿ. ತನ್ನ ವಿಷಯ ಬಂದಲ್ಲಿ ಅವನು ಸಾಲು ಹಾರಿಸುವ ಸಂಭವವಿದೆ. ಅನುಮಾನ ಬಂದರೆ ಅಮ್ಮನನ್ನು ಕರೆಯಿರಿ, ಅವಳು ಕಲ್ಯಾಣದಲ್ಲಿ ಕನ್ನಡ ಶಾಲೆಗೇ ಹೋದವಳು.

ಆ ಮನೆ ಹನ್ನೊಂದನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಅಡುಗೆಮನೆಯ ಕಿಟಕಿ ಗುಡ್ಡದ ಕಡೆಗಿತ್ತು. ಎದುರಿಗೆ ಹೊಸ ಕಟ್ಟಡ ಏಳುತ್ತಿದ್ದುದರಿಂದ ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂರುತ್ತಿತ್ತು. ಫ್ರಿಜ್ ಅಡುಗೆಮನೆಯಲ್ಲಿ ಹಿಡಿಸದೆ ಹಾಲ್‌ನಲ್ಲಿ, ಟಿವಿಯ ಪಕ್ಕದಲ್ಲಿ ನಿಂತಿತ್ತು. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು. ಊಟಕ್ಕೆ ಮೇಜು ಇತ್ತು, ಆದರೆ ಅದರ ಮೇಲೆ ಇಸ್ತ್ರಿಯ ಬಟ್ಟೆ, ತನ್ವಿಯ ಬಣ್ಣದ ಪೆನ್ಸಿಲ್, ಕೊರಿಯರಿನ ಖಾಲಿ ಡಬ್ಬಗಳು ಇರುತ್ತಿದ್ದವು. ನಾವು ನೆಲದ ಮೇಲೆ ಚಾಪೆ ಹಾಸಿ ಉಣ್ಣುತ್ತಿದ್ದೆವು.

ನಾನು ಆ ಮನೆಗೆ ಬಂದದ್ದು ಅಥರ್ವನಿಗಾಗಿ. ಅದಕ್ಕೆ ಮುಂಚೆ ಮದುವೆಯಾದಾಗಿನಿಂದ ಠಾಣೆಯ ಕೋಪರಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದೆ. ನಿಮ್ಮ ಅಜ್ಜ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮೊದಲು ಸಪ್ಲಾಯರ್ ಆಗಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೆಗೆ ದುಡಿದರು. ಅವರು ಹೋದ ಮೇಲೆ ನಾನೊಬ್ಬಳೇ ಅಲ್ಲಿ ಸ್ವಲ್ಪ ಕಾಲ ಇದ್ದೆ. ನಿಮ್ಮ ಅಮ್ಮ ಎರಡನೆಯ ಬಾರಿ ಬಸುರಿಯಾದಾಗ ಅಪ್ಪ ಬಂದು, ವೀಣಾ ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೋಗಬೇಕಾದಾಗ ಮಗುವನ್ನು ನೋಡಿಕೊಳ್ಳಲು ನೀನು ಬೇಕು ಎಂದ. ನಾನು ಬಟ್ಟೆ ಕಟ್ಟಿಕೊಂಡು ಬಂದೆ. ಕೋಪರಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಾಯಿತು.

ನಿಮ್ಮ ಅಮ್ಮನ ತವರು ಕಲ್ಯಾಣದಲ್ಲಾದರೂ ಮೂಲ ಹುಬ್ಬಳ್ಳಿಯ ಕಡೆ. ನನ್ನದು ಉಡುಪಿಯ ಕಡೆಯ ಹಳ್ಳಿ. ಅವಳು ಮಾತನಾಡಿದರೆ ಪಕ್ಕದ ಮನೆಗೆ ಕೇಳುತ್ತದೆ. ನಾನು ಮಾತನಾಡಿದರೆ ಎದುರಿಗಿದ್ದವರೂ ಎರಡು ಸಲ ಕೇಳುತ್ತಾರೆ. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಎದ್ದು ನಿಂತವಳಲ್ಲ, ಬೇರೆ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಮನೆಯಲ್ಲೂ ಹಾಗೆಯೇ ಬೆಳೆದದ್ದು. ನನ್ನ ಅಮ್ಮ ಬೀಡಿ ಕಟ್ಟುತ್ತ, ನಡುವೆ ಎದ್ದು ಅಡುಗೆ ಮಾಡುತ್ತಿದ್ದಳು. ಬಡಿಸುವ ಮೊದಲು ರುಚಿ ನೋಡುವುದು ನಮ್ಮಲ್ಲಿ ಇರಲಿಲ್ಲ. ಸೌಟಿನಿಂದ ಒಂದು ಹನಿ ನಾಲಿಗೆಗೆ ಬಿದ್ದರೆ ಇಡೀ ಪಾತ್ರೆ ಎಂಜಲು. ಉಪ್ಪು ಸಾಕೋ ಇಲ್ಲವೋ ಎಂದು ಅಮ್ಮ ಆವಿಗೆ ಮೂಗು ಒಡ್ಡಿ ತಿಳಿಯುತ್ತಿದ್ದಳು. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಇಲ್ಲದ ದಿನ ಅಪ್ಪ ಮಾತಿಲ್ಲದೆ ಉಪ್ಪಿನ ಭರಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಅಮ್ಮ ಅದನ್ನು ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಗಳವೆಂದರೆ ಅಷ್ಟೇ. ಮದುವೆಯಾಗಿ ಬಂದ ಮೇಲೆ ನಿಮ್ಮ ಅಜ್ಜ ನನಗೆ ತಮಾಷೆ ಮಾಡುತ್ತಿದ್ದರು: ನಮ್ಮ ಹೋಟೆಲಿನ ಭಟ್ಟರು ಗಂಟೆಗೊಮ್ಮೆ ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕುತ್ತಾರೆ, ನೀನು ಮಾತ್ರ ಕಣ್ಣು ಕಟ್ಟಿಕೊಂಡು ಅಡುಗೆ ಮಾಡುತ್ತೀ ಎಂದು. ಆದರೂ ನಾನು ರುಚಿ ನೋಡಲು ಕಲಿಯಲಿಲ್ಲ. ಹೋಟೆಲು ಬೇರೆ, ಮನೆ ಬೇರೆ ಎಂದುಕೊಂಡೆ.

ಅಥರ್ವನಿಗೆ ಆರು ತಿಂಗಳಾದಾಗ ರಾಗಿ ಮಣ್ಣಿ ಶುರು ಮಾಡಿದೆವು. ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲು ಬೆಲ್ಲ ಹಾಕಿ ಕಾಯಿಸುವುದು. ಬೆಲ್ಲ ಬೇಡವೆಂದು ಡಾಕ್ಟರ್ ಹೇಳಿದ್ದಾರೆ ಎಂದು ವೀಣಾ ಬೆಲ್ಲ ತೆಗೆದಳು. ಮಗು ಆದರೂ ತಿಂದಿತು. ಎಂಟು ತಿಂಗಳು ದಾಟಿ, ಕೆಳಗೆ ಎರಡು ಹಲ್ಲು ಬಂದ ಮೇಲೆ, ಮುಂದುವರಿಸಿಕೊಂಡಿದ್ದ ರಜೆಯೂ ಮುಗಿಯುತ್ತ ಬಂದಾಗ, ಅವಳು ಮುಂದಿನ ಏರ್ಪಾಡಿಗೆ ಇಳಿದಳು. ಆಫೀಸು ಸೇರಿದ ಮೇಲೆ ಬೆಳಿಗ್ಗೆ ಏಳೂವರೆಗೆ ಹೊರಟರೆ ಮನೆ ಸೇರುವುದು ರಾತ್ರಿಯಾಗುತ್ತದೆ. ಆಫೀಸು ಸೇರುವಷ್ಟರೊಳಗೆ ಮಗು ಮನೆಯವರು ತಿನ್ನುವುದನ್ನೇ ತಿನ್ನುವಂತಾಗಬೇಕು, ಅದಕ್ಕೆ ಬೇಕಾದ್ದು ಸಿದ್ಧವಾಗಿರಬೇಕು, ನನಗೆ ಬಿಸಿ ಮಾಡುವುದಷ್ಟೇ ಕೆಲಸವಾಗಬೇಕು ಎನ್ನುವುದು ಅವಳ ಲೆಕ್ಕ. ಫೋನಿನಲ್ಲಿ ನೋಡಿ ಕಲಿತಳು. ಭಾನುವಾರ ಬೆಳಿಗ್ಗೆ ಕುಂಬಳ, ಗಜ್ಜರಿ, ಬಟಾಣಿ, ತೊಗರಿಬೇಳೆ ಎಲ್ಲವನ್ನೂ ಬೇರೆ ಬೇರೆ ಕುಕ್ಕರಿನಲ್ಲಿಟ್ಟು ಬೇಯಿಸುವುದು, ಮಿಕ್ಸಿಯಲ್ಲಿ ತಿರುವುವುದು, ಆರಿಸುವುದು, ಐಸ್ ಟ್ರೇಗಳಲ್ಲಿ ತುಂಬಿ ಫ್ರೀಜರಿನಲ್ಲಿಡುವುದು. ಮರುದಿನ ಗಟ್ಟಿಯಾದ ತುಂಡುಗಳನ್ನು ಬಿಡಿಸಿ ಡಬ್ಬಿಗಳಿಗೆ ಹಾಕಿದರೆ ಫ್ರೀಜರಿನಲ್ಲಿ ಹಳದಿ, ಕೆಂಪು, ಹಸಿರು ಸಾಲು. ಅದನ್ನು ತೆರೆದು ನೋಡುವುದೇ ಅವಳಿಗೊಂದು ಸಮಾಧಾನ. ನನಗೆ ಒಳಗೊಳಗೆ ಕಸಿವಿಸಿ. ನಮ್ಮಲ್ಲಿ ನಿನ್ನೆಯದ್ದು ದೊಡ್ಡವರ ಪಾಲಿಗೆ, ಮಗುವಿಗೆ ಆ ಹೊತ್ತಿನದ್ದು. ಆದರೆ ಅವಳು ಅಷ್ಟು ಕಷ್ಟಪಟ್ಟು ಮಾಡುತ್ತಿದ್ದಾಗ ಹೇಗೆ ಹೇಳುವುದು? ಗಜ್ಜರಿಯ ಸಿಪ್ಪೆ ತೆಗೆದುಕೊಟ್ಟೆ, ಅಷ್ಟೇ.

ಒಂದು ಭಾನುವಾರ ಅವಳೇ ನನ್ನನ್ನು ಕರೆದು ಹೇಳಿದಳು.

“ಅತ್ತಿ, ನಿಮ್ಮ ಕೆಂಪಕ್ಕಿ ಗಂಜಿನೂ ಇಡೂಣ್ರಿ. ಇವರು ಸಣ್ಣವರಿದ್ದಾಗ ಅದನ್ನ ಉಂಡು ಬೆಳದವ್ರು ಅಂತಾರಲ್ಲ. ಕೂಸಿಗೂ ನಿಮ್ಮ ಕೈದು ಒಂದು ಇರ್ಲಿ.”

ಈಗ ನೆನೆದರೂ ಅದು ಒಳ್ಳೆಯ ಮನಸ್ಸಿನ ಮಾತೇ. ಅವಳ ತವರಿನಲ್ಲಿ ಈ ಕೆಂಪು ಕುಚ್ಚಲಕ್ಕಿ ಕಂಡವರಿಲ್ಲ. ನಾನು ಡೊಂಬಿವಲಿಯ ನಮ್ಮೂರಿನವರ ಅಂಗಡಿಯಿಂದ ತರಿಸಿಟ್ಟಿದ್ದ ಅಕ್ಕಿಯನ್ನು ಚೆನ್ನಾಗಿ ಬೇಯಿಸಿ, ಗಂಜಿಯ ತಿಳಿ ಸಮೇತ ಮಿಕ್ಸಿಯಲ್ಲಿ ತಿರುವಿ, ಬೆರಳಿಗೆ ಬೆಣ್ಣೆಯ ಹಾಗೆ ಹತ್ತುವುದನ್ನು ನೋಡಿ ಅವಳಿಗೆ ಕೊಟ್ಟೆ. ಅವಳು ಟ್ರೇಗೆ ಸುರಿದಳು. ಫ್ರೀಜರಿನಲ್ಲಿ ಮೂರು ಬಣ್ಣದ ಪಕ್ಕದಲ್ಲಿ ತಿಳಿಗೆಂಪು ಸಾಲೊಂದು ಸೇರಿತು. ನನಗೂ ಆ ದಿನ ಎರಡು ಸಲ ಫ್ರೀಜರ್ ತೆರೆದು ನೋಡಬೇಕೆನಿಸಿತು.

ಅಲ್ಲಿಂದ ತೊಂದರೆ ಶುರು. ಅಥರ್ವ, ನೀನು ಒಂದೇ ಒಂದು ಚಮಚ ನುಂಗಲಿಲ್ಲ. ಹೊಟ್ಟೆ ತುಂಬಬೇಕೆಂದು ಪ್ರತಿ ಬಟ್ಟಲಿಗೂ ಎರಡು ತುಂಡು ಗಂಜಿ, ಒಂದು ಬೇಳೆ, ಒಂದು ತರಕಾರಿ ಎಂದು ವೀಣಾ ಲೆಕ್ಕ ಹಾಕಿದ್ದಳು. ತುಂಡುಗಳನ್ನು ಸ್ಟೀಲಿನ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುವುದು. ಅವಳು ಮಣಿಕಟ್ಟಿಗೆ ಒಂದು ಹನಿ ಹಾಕಿ ಬಿಸಿ ನೋಡುತ್ತಿದ್ದಳು, ನಾನು ಬಟ್ಟಲಿನ ತಳಕ್ಕೆ ಕೈ ಹಿಂಬದಿ ಒತ್ತಿ ನೋಡುತ್ತಿದ್ದೆ. ಬಿಸಿ ಸರಿಯಾಗಿಯೇ ಇರುತ್ತಿತ್ತು. ನೀನು ಬಾಯಿ ತೆರೆಯುತ್ತಿದ್ದೆ, ಒಂದು ಕ್ಷಣ ಇಟ್ಟುಕೊಳ್ಳುತ್ತಿದ್ದೆ, ಆಮೇಲೆ ನಾಲಿಗೆಯಿಂದ ತಳ್ಳುತ್ತಿದ್ದೆ. ಗಲ್ಲದಿಂದ ಎದೆಗೆ, ಎದೆಯಿಂದ ಚಾಪೆಗೆ. ಚಮಚ ಬದಲಿಸಿದೆವು. ಹಾಡು ಹೇಳಿದೆವು. ಕಿಟಕಿಯಲ್ಲಿ ಕ್ರೇನ್ ತೋರಿಸಿದೆವು. ತನ್ವಿ ಕೋತಿಯ ಹಾಗೆ ಕುಣಿದಳು, ನೀನು ನಗಲು ಬಾಯಿ ತೆರೆದಾಗ ನಿನ್ನಪ್ಪ ಚಮಚ ತುರುಕಿದ, ನೀನು ಅವನ ಆಫೀಸಿನ ಅಂಗಿಗೆ ಉಗಿದೆ. ಆ ಸಾಲನ್ನು ಅವನು ಓದುವುದಿಲ್ಲ.

ಒಂದೆರಡು ವಾರ ಹೀಗೆ ನಡೆಯಿತು. ನೀನು ಹಾಲು ಕುಡಿಯುತ್ತಿದ್ದೆ, ಬಾಳೆಹಣ್ಣು ತಿನ್ನುತ್ತಿದ್ದೆ, ಬಟ್ಟಲು ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದೆ. ಎಲ್ಲ ಮಾಡಿದೆವು, ಬಾಯಿಗೆ ಹಾಕಿ ನೋಡುವುದೊಂದನ್ನು ಬಿಟ್ಟು. ನನಗೆ ಅದು ತೋಚಲೇ ಇಲ್ಲ. ಮಗುವಿನ ಬಟ್ಟಲಿನಿಂದ ತಿಂದು ಅದೇ ಬಟ್ಟಲನ್ನು ಮಗುವಿಗೆ ಹಿಡಿಯುವುದು ನನ್ನ ಕಲ್ಪನೆಯಲ್ಲೇ ಇರಲಿಲ್ಲ. ವೀಣಾಳಿಗೂ ತೋಚಲಿಲ್ಲ, ಅವಳ ಕಾರಣ ಬೇರೆ. ದೊಡ್ಡವರ ಬಾಯಿಯ ಕೀಟಾಣು ಮಗುವಿನ ಹಲ್ಲಿಗೆ ಹೋಗುತ್ತದೆಂದು ಅವಳು ಮಗುವಿನ ಚಮಚಗಳನ್ನು ಕುದಿಸಿ ಬೇರೆ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು, ನಾವು ಯಾರೂ ಮುಟ್ಟುವಂತಿರಲಿಲ್ಲ. ಒಳಗೊಳಗೆ ಇಬ್ಬರೂ ಒಂದೊಂದು ಕಾರಣ ಹುಡುಕಿಕೊಂಡಿದ್ದೆವು. ಫ್ರೀಜರಿನ ತಂಗಳು ಮಗುವಿಗೆ ಒಗ್ಗುತ್ತಿಲ್ಲ ಎಂದು ನನಗೆ. ಅತ್ತೆಯ ಒರಟು ಅಕ್ಕಿ ಮಗುವಿಗೆ ಒಗ್ಗುತ್ತಿಲ್ಲ ಎಂದು ಅವಳಿಗೆ. ಅವಳು ಅದನ್ನು ಆಗ ಹೇಳಲಿಲ್ಲ. ಪಕ್ಕದ ಮನೆಗೆ ಕೇಳುವಂತೆ ಮಾತನಾಡುವವಳು ನನ್ನ ಅಕ್ಕಿಯ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಳು.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರು ಮರಾಠಿ ಮಹಿಳೆ ಪಾಳಣಾಘರ ನಡೆಸುತ್ತಿದ್ದರು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಒಳ್ಳೆಯ ಹೆಂಗಸು. ಎಂಥ ಹಟದ ಮಗುವೂ ಅವರ ಕೈಯಲ್ಲಿ ವರಣ-ಭಾತ್, ಅಂದರೆ ಬೇಳೆ ಅನ್ನ, ತಿನ್ನುತ್ತದೆ ಎಂದು ಹೆಸರಿತ್ತು. ನಿಮ್ಮ ಅಪ್ಪ ಒಂದು ಸಂಜೆ ಚಹಾ ಕುಡಿಯುತ್ತ ಆ ಮಾತು ತೆಗೆದ. ನನ್ನ ಹತ್ತಿರ ಅವನು ತುಳುವಿನಲ್ಲೇ ಮಾತನಾಡುವುದು. ಆ ದಿನ ವೀಣಾಳಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದ.

“ಅಮ್ಮ, ಕೆಳಗಿನವರ ಹತ್ತಿರ ಒಂದು ಜಾಗ ಖಾಲಿ ಉಂಟಂತೆ. ಒಂದನೇ ತಾರೀಕಿನವರೆಗೆ ಇಟ್ಟುಕೊಳ್ತಾರೆ. ಇವನು ತಿನ್ಲಿಕ್ಕೆ ಕಲಿಯುವವರೆಗೆ ಅಲ್ಲಿ ಬಿಡುವ. ನಿನಗೂ ಆರಾಮ.”

ನನ್ನ ಆರಾಮದ ಬಗ್ಗೆ ಅವನು ಹೇಳಿದ್ದರಲ್ಲಿ ಕುಹಕ ಇರಲಿಲ್ಲ. ಆದರೆ ಕೋಣೆ ಬಾಡಿಗೆಗೆ ಕೊಟ್ಟು ಬಂದದ್ದು ಈ ಮಗುವಿಗೆ ಉಣಿಸಲೆಂದು. ಅದು ಕೆಳಗೆ ಹೋದರೆ ಆ ಮನೆಯಲ್ಲಿ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಯಾಕಾಗಿ ಇರುವುದು? ಆಯಿತು ಎಂದೆ. ವೀಣಾ ಲೋಟ ಕೆಳಗಿಟ್ಟು, ಇನ್ನೂ ನಾಲ್ಕು ದಿನ ಐತಿ, ನೋಡೂಣ ಎಂದಳು. ಮರುದಿನ ಒಂದು ಪ್ರಯೋಗ ಮಾಡೋಣವೆಂದಳು. ತಾನು ಆಫೀಸಿಗೆ ಹೋದಂತೆಯೇ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಮಗು ಅತ್ತರೂ ಹೊರಗೆ ಬರುವುದಿಲ್ಲ. ತಾಯಿ ಕಣ್ಣಿಗೆ ಬೀಳದಿದ್ದರೆ ತಿನ್ನುತ್ತದೋ ಏನೋ. ಇದು ಮಗುವಿಗೆ ಪರೀಕ್ಷೆ ಎಂದು ಅವಳು ಅಂದುಕೊಂಡಿದ್ದಳು, ನಾನು ನನಗೆ ಎಂದುಕೊಂಡೆ.

ತನ್ವಿ ಶಾಲೆಗೆ ಹೋಗಿದ್ದಳು. ಹನ್ನೆರಡರ ಸುಮಾರಿಗೆ ವೀಣಾ ಒಳಗೆ ಹೋಗಿ ಚಿಲಕ ಹಾಕಿದಳು. ನಾನು ತುಂಡುಗಳನ್ನು ಕರಗಿಸಿ, ಚಾಪೆ ಹಾಸಿ, ಅಥರ್ವನನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಮೊದಲ ಚಮಚ ಎಂದಿನಂತೆ ಗಲ್ಲಕ್ಕೆ ಬಂತು. ಎರಡನೆಯದೂ. ಮೂರನೆಯದನ್ನು ಅವನು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದ. ಆಮೇಲೆ ಬೆರಳು ಹಾಕಿ ಅದನ್ನು ಹೊರಗೆ ತೆಗೆದ, ಮುಷ್ಟಿಯಲ್ಲಿ ಹಿಡಿದ, ಮುಂದೆ ಬಾಗಿ ನನ್ನ ಬಾಯಿಗೆ ತುರುಕಿದ. ಆ ವಯಸ್ಸಿನ ಮಕ್ಕಳು ಹಾಗೆ ಮಾಡುತ್ತವೆ, ತಮಗೆ ಕೊಟ್ಟದ್ದನ್ನು ತಿರುಗಿ ಕೊಟ್ಟು ನೋಡುತ್ತವೆ. ನಾನು ಏನೋ ಹೇಳಲು ಬಾಯಿ ತೆರೆದಿದ್ದೆ, ಒಳಗೆ ಹೋಯಿತು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನೆದುರು ಉಗಿಯುವುದು ಹೇಗೆ? ಅಗಿದೆ.

ಮರಳು. ಗಂಜಿಯ ಹೆಸರಿನಲ್ಲಿ ನಾವು ಮಗುವಿಗೆ ಕೊಡುತ್ತಿದ್ದದ್ದು ನೀರು ಮತ್ತು ಮರಳು. ನಾನು ಬೆಣ್ಣೆಯ ಹಾಗೆ ತಿರುವಿದ್ದ ಕುಚ್ಚಲಕ್ಕಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿ, ಬರೀ ಬಿಸಿನೀರಿನ ಶಾಖಕ್ಕೆ ಕರಗಿದಾಗ ನೀರು ಬೇರೆ, ಅಕ್ಕಿ ಬೇರೆಯಾಗಿ, ಅಕ್ಕಿ ಸಣ್ಣ ಸಣ್ಣ ಗಡಸು ಕಾಳಾಗಿ ಕೂತಿತ್ತು. ಕಣ್ಣಿಗೆ ಗಂಜಿಯೇ, ಕೈಗೆ ಬೆಚ್ಚಗೆ, ನಾಲಿಗೆಗೆ ಮಾತ್ರ ರವೆ ಹುರಿಯದೆ ತಿಂದ ಹಾಗೆ. ಎರಡು ಹಲ್ಲಿನ ಮಗು ಅದನ್ನು ಎಂತ ಮಾಡಬೇಕು? ಉಗಿದದ್ದೇ ಸರಿ. ತಪ್ಪು ಅವಳ ಫ್ರೀಜರಿನದ್ದೂ ಅಲ್ಲ, ನನ್ನ ಅಕ್ಕಿಯದ್ದೂ ಅಲ್ಲ. ಒಂದರೊಳಗೆ ಇನ್ನೊಂದನ್ನು ಇಟ್ಟದ್ದು.

ಇದನ್ನು ಹೇಳಬೇಕಿತ್ತು. ಹೇಳಬೇಕೆಂದರೆ ಸೊಸೆಯ ಕೋಣೆಯ ಬಾಗಿಲು ತಟ್ಟಬೇಕು. ಬಂದು ಅಷ್ಟು ತಿಂಗಳಾದರೂ ಮುಚ್ಚಿದ ಆ ಬಾಗಿಲನ್ನು ನಾನು ತಟ್ಟಿರಲಿಲ್ಲ, ಹಾಲ್‌ನಿಂದಲೇ ಸಣ್ಣಗೆ ಕೆಮ್ಮುತ್ತಿದ್ದೆ. ಅದೂ ಆ ದಿನ ಅವಳು ಏನೇ ಆದರೂ ಹೊರಗೆ ಬರುವುದಿಲ್ಲ ಎಂದಿದ್ದಳು. ತಟ್ಟಿದರೆ ನನ್ನಿಂದ ಆಗಲಿಲ್ಲ ಎಂದು ತಿಳಿದುಕೊಳ್ಳುತ್ತಾಳೆ, ಸಂಜೆ ನಿಮ್ಮ ಅಪ್ಪ ಕೆಳಗೆ ಹೋಗಿ ಜಾಗ ಗಟ್ಟಿ ಮಾಡುತ್ತಾನೆ. ತಟ್ಟದೆ ಗಂಜಿಯನ್ನು ಮೋರಿಗೆ ಸುರಿದು, ಬೇರೆ ಬಿಸಿ ಗಂಜಿ ಮಾಡಿ ಉಣಿಸಿ, ತಿಂದ ಎಂದು ಹೇಳಬಹುದಿತ್ತು. ನನ್ನ ಅಮ್ಮನಾಗಿದ್ದರೆ ಹಾಗೆಯೇ ಮಾಡುತ್ತಿದ್ದಳು. ನಾನು ಒಂದು ಕೈಯಲ್ಲಿ ಅಥರ್ವನನ್ನು ಎತ್ತಿಕೊಂಡೆ, ಇನ್ನೊಂದರಲ್ಲಿ ಬಟ್ಟಲು. ತಟ್ಟಲು ಕೈ ಉಳಿಯಲಿಲ್ಲ. ಕಾಲಿನಿಂದ ಬಾಗಿಲು ಒದ್ದೆ.

ವೀಣಾ ಗಾಬರಿಯಾಗಿ ಬಾಗಿಲು ತೆಗೆದಳು. ನಾನು ಬಟ್ಟಲನ್ನು ಮುಂದೆ ಹಿಡಿದೆ.

“ಒಂಚೂರು ಬಾಯಿಗೆ ಹಾಕಿ ನೋಡು.”

“ಅತ್ತಿ, ಕೂಸಿನ ಬಟ್ಲರಿ ಅದು.”

“ನಾನು ಆಗಲೇ ತಿಂದೆ. ನೀನು ನೋಡು.”

ನಾನು ತಿಂದೆ ಎಂದದ್ದಕ್ಕೆ ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬೆರಳಿನಲ್ಲಿ ತೆಗೆದುಕೊಂಡು ನಾಲಿಗೆಗೆ ಹಚ್ಚಿದಳು. ಅಗಿದಳು. ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

“ಉಸುಕಲ್ಲೇನ್ರಿ ಇದು. ಇದನ್ನ ಇಷ್ಟು ದಿವಸ ತಿನ್ನಿಸೇವಿ ಕೂಸಿಗೆ. ನೀವೊಮ್ಮೆನೂ ರುಚಿ ನೋಡ್ಲಿಲ್ಲೇನ್ರಿ?”

“ಎಂಜಲಾಗ್ತದಲ್ಲ ಮಾರಾಯ್ತಿ. ನೀನ್ಯಾಕೆ ನೋಡ್ಲಿಲ್ಲ?”

“ಜರ್ಮ್ಸ್ ಅಂತ.”

ಅವಳ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಅಥರ್ವ, ನಿನ್ನನ್ನು ಹೊತ್ತ ಕೈ ಅಲುಗಿ ನೀನೂ ನಕ್ಕೆ. ಆಮೇಲೆ ಅವಳು ತಾನು ನನ್ನ ಅಕ್ಕಿಯ ಮೇಲೆ ಅನುಮಾನಪಟ್ಟಿದ್ದನ್ನು ಹೇಳಿದಳು. ನಾನು ಫ್ರೀಜರಿನ ಮೇಲೆ ಪಟ್ಟದ್ದನ್ನು ಹೇಳಿದೆ. ಇಬ್ಬರಿಗೂ ಸ್ವಲ್ಪ ಕೋಪವೂ ಬಂತು. ಅಷ್ಟು ದಿನ ಬಾಯಲ್ಲಿ ಇಟ್ಟುಕೊಂಡು ಯಾಕೆ ಕೂತಿರಿ ಎಂದು ಅವಳು ಜೋರು ಮಾಡಿದಳು. ನೀನೂ ಕೂತಿದ್ದೆಯಲ್ಲ ಎಂದೆ. ಹಾಗೆ ಎದುರು ಮಾತು ಕೊಟ್ಟದ್ದು ನನಗೇ ಹೊಸದು.

ಆ ಮಧ್ಯಾಹ್ನ ನಾವು ಫ್ರೀಜರಿನ ಡಬ್ಬಿಗಳನ್ನೆಲ್ಲ ಹೊರಗೆ ತೆಗೆದೆವು. ಎಲ್ಲ ಡಬ್ಬಿಗಳಿಂದಲೂ ಒಂದೊಂದು ತುಂಡು ತೆಗೆದು, ಬಿಸಿ ಮಾಡಿ, ಇಬ್ಬರೂ ಒಂದೊಂದು ಚಮಚ ಹಿಡಿದು ನೆಲದ ಮೇಲೆ ಕೂತು ತಿಂದೆವು. ತೊಗರಿಬೇಳೆ ಇಟ್ಟ ಹಾಗೆಯೇ ಇತ್ತು. ಕುಂಬಳಕ್ಕೂ ಏನೂ ಆಗಿರಲಿಲ್ಲ. ಗಜ್ಜರಿ ನೀರು ಬಿಟ್ಟಿತ್ತು, ಆದರೆ ಸಿಹಿ ಹೋಗಿರಲಿಲ್ಲ. ಬಟಾಣಿಯ ಸಿಪ್ಪೆ ಗಂಟಲಿಗೆ ಅಂಟಿತು, ಅದನ್ನು ಸೋಸಬೇಕಿತ್ತು. ವೀಣಾ ಒಂದು ಡಬ್ಬಿಯಲ್ಲಿ ಬಟಾಟೆಯನ್ನೂ ಇಟ್ಟಿದ್ದಳು, ಅದು ಒದ್ದೆ ಹತ್ತಿಯ ಹಾಗಾಗಿತ್ತು. ಹೊರಗೆ ಹೋಯಿತು. ಅಂದಿನಿಂದ ಭಾನುವಾರದ ಕೆಲಸ ಬದಲಾಯಿತು. ಬೇಳೆ, ಕುಂಬಳ, ಸೊಪ್ಪು, ಸೋಸಿದ ಬಟಾಣಿ ಫ್ರೀಜರಿಗೆ. ಅನ್ನ ಮಾತ್ರ ಆ ದಿನದ್ದು ಆ ದಿನವೇ. ನಾನು ಹೇಗೂ ಬೆಳಿಗ್ಗೆ ನನ್ನ ಗಂಜಿಗೆ ಅಕ್ಕಿ ಇಡುತ್ತಿದ್ದೆ, ಅದರಲ್ಲೇ ಒಂದು ಹಿಡಿ ಹೆಚ್ಚು ಬೇಯಿಸಿ, ಅಥರ್ವನ ಪಾಲನ್ನು ಬಿಸಿಯಿರುವಾಗಲೇ ಕೈಯಲ್ಲಿ ಹಿಸುಕಿ, ಕುದಿಸಿದ ಬೇಳೆ ತುಂಡನ್ನು ಅದಕ್ಕೆ ಕಲಸುವುದು. ವೀಣಾ ತವರಿನಿಂದ ಜೋಳದ ರೊಟ್ಟಿ ತರಿಸಿದಳು, ಅದನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಕೊಟ್ಟರೆ ಅಥರ್ವ ಅದನ್ನೂ ತಿಂದ. ಕರಗಿಸುವುದನ್ನು ಬಿಟ್ಟು ಕುದಿಸುವುದಕ್ಕೆ ಶುರು ಮಾಡಿದೆವು. ರುಚಿ ನೋಡಲು ಒಂದು ಬೇರೆ ಚಮಚ ಇಟ್ಟೆವು, ಅವಳ ಜರ್ಮ್ಸಿಗೂ ನನ್ನ ಎಂಜಲಿಗೂ ಒಟ್ಟಿಗೆ ಒಂದೇ.

ಅಥರ್ವ ಒಂದೇ ದಿನದಲ್ಲಿ ಊಟಗಾರನಾಗಲಿಲ್ಲ. ಬಟ್ಟಲು ಕಂಡರೆ ಇನ್ನೂ ಅನುಮಾನ. ಅದಕ್ಕೆ ಬಟ್ಟಲು ಬಿಟ್ಟು ನನ್ನ ತಟ್ಟೆಯ ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ತಿನ್ನುವುದನ್ನು ನೋಡಿದ. ತಟ್ಟೆಗೆ ಕೈ ಹಾಕಿದ. ಸ್ವಲ್ಪ ಬಾಯಿಗೆ, ಉಳಿದದ್ದು ಕಿವಿಗೆ. ಮಾರನೆಯ ದಿನ ಬಾಯಿಗೆ ಹೆಚ್ಚು, ಕಿವಿಗೆ ಕಡಿಮೆ. ಶನಿವಾರ ಸಂಜೆ ನಿಮ್ಮ ಅಪ್ಪ ಬೂಟು ಬಿಚ್ಚುತ್ತ, ಕೆಳಗಿನವರಿಗೆ ಈವತ್ತು ಉತ್ತರ ಹೇಳಬೇಕು, ಏನು ಹೇಳಲಿ ಎಂದು ಕೇಳಿದ. ವೀಣಾ ಅಡುಗೆಮನೆಯೊಳಗೆ, ನಾನು ಅದರ ಬಾಗಿಲಲ್ಲಿ. ಅವಳೇ ಹೇಳಲಿ ಎಂದು ನಾನು ಕಾದೆ. ಅವಳು ಸೌಟು ಹಿಡಿದು ನನ್ನ ಕಡೆಗೆ ತಿರುಗಿದಳು. ಅಪ್ಪನೂ ನನ್ನನ್ನೇ ನೋಡಿದ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

“ಬೇಡ ಅಂತ ಹೇಳು,” ಎಂದೆ. “ನಾನು ನೋಡಿಕೊಳ್ತೇನೆ.”

ಅವನಿಗೆ ಮೊದಲ ಸಲಕ್ಕೇ ಕೇಳಿಸಿತು. ಬೂಟು ಮತ್ತೆ ಹಾಕಿಕೊಂಡು ಕೆಳಗೆ ಹೋದ.

ಸೋಮವಾರ ವೀಣಾ ರಜೆ ಮುಗಿಸಿ ಆಫೀಸಿಗೆ ಹೊರಟಳು. ಬಾಗಿಲಲ್ಲಿ ಮೂರು ಸಲ ಹಿಂದೆ ಬಂದು ಮುದ್ದು ಮಾಡಿದಳು, ನಾಲ್ಕನೆಯ ಸಲ ಲಿಫ್ಟ್ ಬಂದುಬಿಟ್ಟಿತು. ಅಥರ್ವ, ನೀನು ಸ್ವಲ್ಪ ಅತ್ತೆ, ಕ್ರೇನ್ ನೋಡಿ ಸುಮ್ಮನಾದೆ. ಮಧ್ಯಾಹ್ನ ಕುಂಬಳ, ಬೇಳೆ, ಅನ್ನ ಕಲಸಿ ಕೊಟ್ಟೆ. ನೀನು ಮುಕ್ಕಾಲು ಬಟ್ಟಲು ತಿಂದೆ. ಉಳಿದದ್ದನ್ನು ನಾನು ಕಟ್ಟೆಯ ಹತ್ತಿರ ನಿಂತು ತಿನ್ನುತ್ತಿದ್ದಾಗ ಫೋನ್ ಬಂತು. ಆಫೀಸಿನ ಗದ್ದಲದ ನಡುವೆ ಅವಳ ದನಿ ಆ ದಿನ ಸಣ್ಣಗಿತ್ತು.

“ಅತ್ತಿ, ಉಂಡ್ನೇನ್ರಿ?”

“ಉಂಡ. ಕಾಲು ಬಟ್ಟಲು ಉಳಿಸಿದ, ಅದನ್ನು ನಾನು ತಿಂದೆ.”

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಕೇಳಿದಳು, ಹೆಂಗಿತ್ರಿ?

ಚೆನ್ನಾಗಿತ್ತು ಎಂದು ಹೇಳಿ ಫೋನ್ ಇಡಬಹುದಿತ್ತು. ನಾನು ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದೆ.

“ಬೇಳೆಗೆ ಜೀರಿಗೆ ಹೆಚ್ಚಾಗಿದೆ ವೀಣಾ. ಬರುವ ಭಾನುವಾರ ಸ್ವಲ್ಪ ಕಡಿಮೆ ಹಾಕು.”

“ಆತ್ರಿ,” ಎಂದಳು.